ದನದ ಡಾಕ್ಟರ ಕಾರಿನ ಗೀರು

ಹೆದ್ದಾರಿ ಪಕ್ಕ ಅಂಗಡಿ ಇಟ್ಟವನು ನಗು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ; ಅದೇ ಗಾಡಿ ನಿಲ್ಲಿಸಿ ಇಳಿದು ಬರುತ್ತದೆ. ಚಿತ್ರದುರ್ಗದಲ್ಲಿ ನಾನು ಕಾರಿನ ಚಕ್ರಗಳಿಗೆ ಪಾಲಿಶ್ ಮಾಡಿ ಬಣ್ಣ ಹೊಡೆಯುತ್ತೇನೆ. ಹೋದ ವರ್ಷ ಹೊಳಲ್ಕೆರೆಯ ನಿವೃತ್ತ ದನದ ಡಾಕ್ಟರು ತಮ್ಮ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದಾಗ ಮೈ ಜುಮ್ಮೆಂದಿತು. ಚಡ್ಡಿ ಹಾಕುವ ವಯಸ್ಸಿನಲ್ಲಿ ಇದೇ ಕಾರಿನ ಹಿಂದೆ ಧೂಳು ಕುಡಿಯುತ್ತ ಊರಾಚೆವರೆಗೂ ಓಡಿದ್ದೆ. ಈಗ ಅದರ ಅಲಾಯ್ ಚಕ್ರಗಳು ಕಪ್ಪಿಟ್ಟು, ಹೊಳಪಿಗೆಂದು ಬಳಿದ ಹಳೇ ಲ್ಯಾಕರ್ ಸಿಪ್ಪೆ ಏಳುತ್ತಿತ್ತು.

"ಮೊದ್ಲಿನಂಗೆ ಆಗ್ಬೇಕು ನೋಡಪ್ಪ" ಎಂದರು.

ಕುರಿಗಳ ನೆನಪು

ಚಕ್ರ ಬಿಚ್ಚುತ್ತಿದ್ದೆ. ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ಗಕ್ಕನೆ ನಿಂತ.

"ಲೇ, ಇದು ದನದ ಡಾಕ್ಟ್ರ ಕಾರಲ್ಲೇನೋ? ಇದರ ಸದ್ದು ಕೇಳಿದ್ರೆ ಸಾಕು, ಸೂಜಿ ಬಂತು ಅಂತ ನಮ್ ಕುರಿ ಹಟ್ಟಿ ಬಿಟ್ಟು ಓಡ್ತಿದ್ವು. ಬೇಗ ಮುಚ್ಚಪ್ಪ!"

"ಆ ಕುರಿ ಈಗೆಲ್ಲಿ ಅವೆ ಅಜ್ಜ? ಎಷ್ಟು ವರ್ಷ ಆಯ್ತು!"

"ಅವಿಲ್ಲ. ಮಕ್ಕಳಿಗೆ ಹೇಳಿ ಹೋಗಿರ್ತಾವೆ" ಎಂದ. ನಾನು ಟಾರ್ಪಾಲು ಹೊದಿಸಿದ ಮೇಲೇ ಮಂದೆ ದಾಟಿಸಿದ.

ಹುಣಸೆಹಣ್ಣು

ಒಂದು ಚಕ್ರ ಎಷ್ಟು ಎಮರಿ ಪೇಪರ್ ತಿಂದರೂ ಕಪ್ಪು ಬಿಡಲಿಲ್ಲ. ಭಾನುವಾರ ಉಜ್ಜೋಣವೆಂದು ಮನೆಗೆ ಒಯ್ದೆ. ಟೀ ಕುಡಿದು ಹಿತ್ತಲಿಗೆ ಬಂದರೆ ನನ್ನ ಹೆಂಡತಿ ಹುಣಸೆಹಣ್ಣು, ಬೂದಿ ಹಾಕಿ ಅದನ್ನು ತಿಕ್ಕುತ್ತಿದ್ದಾಳೆ!

"ಅದು ಹಿತ್ತಾಳೆ ಕೊಡ ಅಲ್ಲ ಕಣೇ!" ಎಂದು ಕೂಗಾಡಿದೆ. ಅವಳು ನೀರು ಹೊಯ್ದಳು. ಚಕ್ರದಲ್ಲಿ ನನ್ನ ಮುಖ ಕಂಡಿತು.

ಮರುದಿನ ಕೆಲಸ ನೋಡಲು ಅಂಗಡಿಗೆ ಬಂದ ಡಾಕ್ಟರು ನಾಲ್ಕೂ ಚಕ್ರ ಸವರಿ ನೋಡಿ ಅದೊಂದರ ಮುಂದೆ ನಿಂತರು. "ಇದನ್ನ ಮಾಡಿದೋರು ಯಾರೋ ಪಳಗಿದ ಕೈ. ಉಳಿದ ಮೂರೂ ಅವರಿಗೇ ಕೊಡು."

ಇಬ್ಬರ ಮಾತು

ಅವತ್ತೇ ಅವರು ಎಡಗಡೆ ಮುಂದಿನ ಚಕ್ರದ ಅಂಚಿನಲ್ಲಿದ್ದ ಉದ್ದನೆಯ ಗೀರಿನ ಮೇಲೆ ಬೆರಳಿಟ್ಟರು. "ಇದನ್ನ ಮಾತ್ರ ಮುಟ್ಟಬ್ಯಾಡ. ಮದುವೆ ಹೊಸದ್ರಾಗೆ ನಮ್ಮೋಳು ಡ್ರೈವಿಂಗ್ ಕಲಿಯಾಕೆ ಹೋಗಿ ತುಳಸಿಕಟ್ಟೆಗೆ ತಿಕ್ಕಿಸಿದ್ದು."

ಎರಡು ದಿನ ಬಿಟ್ಟು ಅವರ ಹೆಂಡತಿ ಒಬ್ಬರೇ ಬಸ್ಸಿನಲ್ಲಿ ಬಂದರು. "ಆ ಗೀರು ಅಳಿಸಿಬಿಡಪ್ಪ. ಮನೆಗೆ ನೆಂಟರು ಬಂದ್ರೆ ಕಾಫಿಗಿಂತ ಮೊದ್ಲು ಅದನ್ನ ತೋರಿಸಿ ನಗ್ತಾರೆ. ಅವತ್ತಿಂದ ನಾನು ಸ್ಟೇರಿಂಗ್ ಮುಟ್ಟಿಲ್ಲ." ಕಣ್ಣು ತುಂಬಿಕೊಂಡಿದ್ದರು. ನನಗೂ ಸಂಕಟವಾಯಿತು. ಗೀರು ಉಳಿಸಿದರೆ ಅಮ್ಮನ ಶಾಪ, ಅಳಿಸಿದರೆ ಡಾಕ್ಟರ ಸೂಜಿ.

ಸೂಜಿಯೇ ವಾಸಿ ಅನ್ನಿಸಿತು.

ನಿಂಬೆಹಣ್ಣು

ಗಾಡಿ ಒಯ್ಯಲು ಇಬ್ಬರೂ ಬಂದರು. ಚಕ್ರಗಳು ನಾನು ಹುಡುಗನಾಗಿ ಕಂಡ ಹಾಗೆಯೇ ಹೊಳೆಯುತ್ತಿದ್ದವು. ಡಾಕ್ಟರು ಬಗ್ಗಿ ಅಂಚನ್ನೆಲ್ಲ ತಡವಿದರು. "ಎಲ್ಲೋ ಅದು?"

"ಪಾಲಿಶ್‌ನಾಗೆ ಹೋಗ್ಬಿಡ್ತು ಸಾರ್."

"ಅದೊಂದು ನೆನಪಿತ್ತು ಕಣಪ್ಪ" ಎಂದರು. ಮುಖ ಸಣ್ಣದಾಯಿತು. ಅಮ್ಮ ನನ್ನ ಅಂಗಡಿಯ ಬೋರ್ಡನ್ನು ಎರಡೆರಡು ಸಲ ಓದುತ್ತಿದ್ದರು.

ಪೂಜೆ ಮಾಡಿ, ಪಕ್ಕದ ಕಲ್ಲಿಗೆ ಕಾಯಿ ಒಡೆದು, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ಡಾಕ್ಟರು ಗಾಡಿ ಹತ್ತಿದರು. ಅಮ್ಮ ದೃಷ್ಟಿ ತೆಗೆಯಲು ಕೆಳಗೇ ನಿಂತರು. ನಿಂಬೆಹಣ್ಣು ಸರಿಯಾಗಿ ಒಡೆಯಿತೋ ಇಲ್ಲವೋ ಎಂದು ಡಾಕ್ಟರು ತಲೆ ಹೊರಗೆ ಹಾಕಿ ಬಗ್ಗಿದರು. ಬಗ್ಗಿದ ಕಡೆ ಕಣ್ಣು ಹೋಯಿತು, ಇನ್ನೊಂದು ಕಡೆ ಕಾರು ಹೋಯಿತು. "ಸಾರ್, ಕಲ್ಲು!" ಎಂದು ನಾನು ಕೂಗುವಷ್ಟರಲ್ಲಿ ಕರ್ರ್ ಎಂದಿತು.

ಅದೇ ಎಡಗಡೆ ಮುಂದಿನ ಚಕ್ರ. ಗೀರು ಮೊದಲಿನದಕ್ಕಿಂತ ಒಂದು ಗೇಣು ಉದ್ದ.

ನಾನು ಎಮರಿ ಪೇಪರ್ ತರಲು ಓಡಿದೆ. ಅಮ್ಮ ಕೈ ಅಡ್ಡ ಹಿಡಿದು, ಬಗ್ಗಿ ಆ ಗೀರನ್ನು ಸೆರಗಿನಿಂದ ಮೆಲ್ಲಗೆ ಒರೆಸಿದರು.

"ಮುಟ್ಟಬ್ಯಾಡಪ್ಪ. ನಾಳೆ ನಮ್ಮನೆಗೆ ನೆಂಟರು ಬರ್ತಾರೆ."