ಮರುಳಪ್ಪನ ಐದು ನಿಮಿಷದ ಸಾಧನೆ

ಆಹ್ವಾನ ಪತ್ರಿಕೆಯ ಕೊನೆಯ ಸಾಲೊಂದು ಇಲ್ಲದಿದ್ದರೆ ಮರುಳಪ್ಪ ಆ ಭಾನುವಾರ ನೆಮ್ಮದಿಯಾಗಿ ಉಂಡು ಮಲಗುತ್ತಿದ್ದ. ಊರಿನ ಹೈಸ್ಕೂಲಿಗೆ ಇಪ್ಪತ್ತೈದು ವರ್ಷ ತುಂಬಿತ್ತು. ಮೊದಮೊದಲು ಅಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ವೇದಿಕೆ ಹತ್ತಿ, ಶಾಲೆ ಬಿಟ್ಟ ಮೇಲಿನ ತಮ್ಮ ಜೀವನ ಮತ್ತು ಸಾಧನೆಯನ್ನು ಐದು ನಿಮಿಷದಲ್ಲಿ ತಿಳಿಸಬೇಕೆಂದು ಅಚ್ಚು ಹಾಕಿಸಿದ್ದರು.

ಜೀವನವೇನೋ ಇತ್ತು. ಸಾಧನೆಯದೇ ತಾಪತ್ರಯ. ತುಮಕೂರಿನಲ್ಲಿ ಬಿಎಸ್ಸಿ, ಆಮೇಲೆ ಬಿಎಡ್ ಮುಗಿಸಿದ ಮರುಳಪ್ಪ ಒಂದಾದ ಮೇಲೊಂದು ಶಾಲೆಯಲ್ಲಿ ತಾತ್ಕಾಲಿಕ ಮೇಷ್ಟ್ರಾದ. ಅವನು ಪಾಠ ಶುರು ಮಾಡುತ್ತಿದ್ದಂತೆ ಕಾಯಂ ಮೇಷ್ಟ್ರು ರಜೆ ಮುಗಿಸಿ ಬಂದುಬಿಡುತ್ತಿದ್ದರು. ಎಣ್ಣೆ ಗಿರಣಿ ಸೇರಿದ. ಗಿರಣಿ ಬಾಗಿಲು ಹಾಕಿತು. ವರ್ಷವಿಡೀ ಅಟ್ಟದ ಮೇಲಿದ್ದರೂ ನೀರಾರಿ ಕೊಬ್ಬರಿಯಾಗದ ತೆಂಗಿನಕಾಯಿಯಂತೆ ಅವನ ಯಾವ ಕೆಲಸವೂ ಗಟ್ಟಿಯಾಗಲಿಲ್ಲ. ಈಗ ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವುದು, ಬಾಡಿಗೆ ಕೋಣೆಯಲ್ಲಿ ಸೀಮೆಎಣ್ಣೆ ಸ್ಟವ್ ಪಂಪು ಮಾಡುವುದು, ಇಷ್ಟೇ. ಹೆಂಡತಿ ಮಕ್ಕಳು ಊರಿನಲ್ಲಿ. ಹಿಂದಿನ ಸಂಜೆ ಬಂದಾಗ ಚಿಕ್ಕ ಮಗಳು ಬಾಗಿಲು ತೆರೆದು, "ಅಮ್ಮಾ, ಯಾರೋ ಬಂದವ್ರೆ" ಅಂದಿದ್ದಳು.

ಆದರೆ ಈ ಸಲ ಒಂದು ಆಸೆಯಿತ್ತು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನಿವೃತ್ತರಾಗಿದ್ದರು. ಆ ಜಾಗಕ್ಕೆ ಸೋಮವಾರ ಬೆಳಿಗ್ಗೆ ಸಂದರ್ಶನ. ಸಭೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಇಳಿದ ಮೇಲೆ ಆಡಳಿತ ಮಂಡಳಿಯ ಅಧ್ಯಕ್ಷ ಸದಾಶಿವಯ್ಯನವರನ್ನು ಕೇಳಿಬಿಡುವುದೆಂದು ಮರುಳಪ್ಪ ತೀರ್ಮಾನಿಸಿದ್ದ. ಹೆಂಡತಿ ಗಿರಿಜಾಂಬಿಕಾ ಕಾಫಿ ಲೋಟ ಕುಕ್ಕಿ, "ಕೇಳ್ದೆ ಬಂದ್ರೆ ಆ ಸ್ಟವ್ವನ್ನೇ ಕಟ್ಕೊಂಡು ಬಾಳಿ" ಎಂದಿದ್ದಳು.

ಅವನು ಜಗಲಿಯ ಮೇಲೆ ಭಾಷಣ ಒಪ್ಪಿಸಿ ನೋಡುತ್ತಿದ್ದಾಗ ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಹುಚ್ಚಣ್ಣ ಬಂದ. ಮರುಳಪ್ಪ ಅವನಿಗೆ ಕೆಲಸದ ಆಸೆಯನ್ನೂ ಹೇಳಿಬಿಟ್ಟ. "ಹಂಗಾ?" ಎಂದು ಹುಚ್ಚಣ್ಣ ಎಲೆಯಡಿಕೆ ಚೀಲ ಬಿಚ್ಚಿ, ಜಗಲಿಯ ಮೇಲೆ ಇನ್ನೂ ಸರಿಯಾಗಿ ಕೂತ. ಇಡೀ ಭಾಷಣ ಕೇಳಿ ಮುಖ ಹುಳ್ಳಗೆ ಮಾಡಿದ.

"ಇದೇನ್ ಮರುಳಪ್ಪ, ಯಾವನಾದ್ರೂ ಚೀಲದ ಬಾಯಿಗೆ ಮುಗ್ಗಲು ಕೊಬ್ಬರಿ ಇಟ್ಕೊಂಡು ತಿಪಟೂರ ಹರಾಜಿಗೆ ಹೋದಾನಾ? ದಪ್ಪನವು ಮ್ಯಾಲಿಡ್ಬೇಕು ಕಣಪ್ಪ. ಒಳಗಿಂದು ಒಳಗಿರ್ಲಿ."

"ಇರೋದೇ ಇಷ್ಟು, ಹುಚ್ಚಣ್ಣ."

"ಯಾವನೋ ಜರ್ಮನಿಯೋನು ಬಂದಿದ್ದ ಅಂತಿದ್ದೆ?"

ಬಂದಿದ್ದು ನಿಜ. ಕಾರ್ಖಾನೆಯ ಯಂತ್ರ ರಿಪೇರಿಗೆ ಬಂದ ಆತನಿಗೆ ಮರುಳಪ್ಪ ಮಳೆಯಲ್ಲಿ ಕೊಡೆ ಹಿಡಿದಿದ್ದ. ಅಷ್ಟು ಸಾಕೆಂದ ಹುಚ್ಚಣ್ಣ, ಸಭೆಯಲ್ಲಿ ಅವನ ಪರಿಚಯದ ಮಾತು ತಾನೇ ಆಡುವುದಾಗಿ ಹೇಳಿ ಎದ್ದು ಹೋದ. ಹೋಗುತ್ತಾ ಎದುರುಮನೆಯ ಪುಟ್ಟಗಂಗಮ್ಮನಿಗೆ ಏನು ಹೇಳಿದನೋ, ಆಕೆ ಮಗನ ಮದುವೆಯ ಕೋಟು ಹಿಡಿದು ಓಡಿ ಬಂದಳು. ಮಗ ಮದುವೆಯಲ್ಲಿ ಕಡ್ಡಿಯ ಹಾಗಿದ್ದ. ಮರುಳಪ್ಪ ಬೇಡವೆಂದಷ್ಟೂ ಆಕೆ ತುರುಕಿದಳು. ಗುಂಡಿ ಹಾಕಿದ ಮೇಲೆ ಅವನ ತೋಳು ಕೆಳಗಿಳಿಯಲಿಲ್ಲ. ಎದೆ ಸೆಟೆದು, ಕತ್ತು ಮೇಲಾಗಿ, ಊರಿಗೆ ಬಂದ ಡೆಪ್ಯುಟಿ ಕಮಿಷನರಂತೆ ಕಂಡ. ಬಿಚ್ಚಲು ಹೋದರೆ ಹೊಲಿಗೆ ಪರಪರ ಎಂದಿತು. ಅಷ್ಟರಲ್ಲಿ ಕರೆ ಬಂತು.

ಸಭೆಯಲ್ಲಿ ಹುಚ್ಚಣ್ಣ ಮೈಕು ಹಿಡಿದ. ನಮ್ಮೂರ ಮರುಳಪ್ಪ ವಿಜ್ಞಾನಿ, ಜರ್ಮನಿಯವರೇ ಹುಡುಕಿಕೊಂಡು ಬರುತ್ತಾರೆ, ನಾಡು ಕುಡಿಯುವ ಕಾಫಿಯ ಸಿಹಿ ಇವನ ಕೈಯಲ್ಲಿದೆ ಎಂದೆಲ್ಲ ಹೇಳಿದ. ಚಪ್ಪಾಳೆ ನಿಲ್ಲುವುದನ್ನು ಕಾದು ಮರುಳಪ್ಪ ತಾನು ವಿಜ್ಞಾನಿಯಲ್ಲ, ಪ್ರಯೋಗಶಾಲೆಯಲ್ಲಿ ಸಣ್ಣ ಕೆಲಸದವನು ಎಂದ. ಮುಂದಿನ ಸಾಲಿನ ಹಿರಿಯರು ತಲೆದೂಗಿದರು. ಹೊಗಳಿಕೆಯನ್ನು ತಕ್ಷಣ ಒಪ್ಪಿಕೊಂಡವರು ಆ ಸೀಮೆಯಲ್ಲಿ ಯಾರೂ ಇಲ್ಲ, ಬೇಡವೆಂದವನೇ ದೊಡ್ಡವನು. ಜರ್ಮನಿಯವನಿಗೆ ಕೊಡೆ ಹಿಡಿದದ್ದಷ್ಟೇ ಎಂದಾಗ ಮತ್ತೆ ಚಪ್ಪಾಳೆ. ಗಿರಣಿ ಮುಚ್ಚಿದಾಗ ಬೀದಿಗೆ ಬಿದ್ದೆ ಎಂದಾಗ ಒಬ್ಬಾಕೆ ಕಣ್ಣೊರೆಸಿಕೊಂಡು, ಎಷ್ಟು ದೊಡ್ಡ ಮನುಷ್ಯ, ಎಷ್ಟು ವಿನಯ ಎಂದಳು. ಸತ್ಯ ಹೇಳಿದಷ್ಟೂ ಮರುಳಪ್ಪ ಬೆಳೆಯುತ್ತಾ ಹೋದ. ಕೊನೆಗೆ ರೇಗಿ, "ನಂಬ್ರೀ, ನಾನು ಏನೂ ಸಾಧಿಸಿಲ್ಲ" ಎಂದು ಕೈ ಎತ್ತಿದ. ಕೋಟಿನ ಕಂಕುಳು ಹರಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸದಾಶಿವಯ್ಯನವರು ತಾವಾಗಿಯೇ ಬಂದು ಅವನ ಕೈ ಹಿಡಿದುಕೊಂಡರು. ನಾಳೆ ವಿಜ್ಞಾನದ ಮೇಷ್ಟ್ರನ್ನು ಆರಿಸಬೇಕು, ತಮಗೆ ವಿಜ್ಞಾನ ತಿಳಿಯದು, ಆರಿಸುವ ಸಮಿತಿಗೆ ನೀವೇ ಯಜಮಾನರಾಗಬೇಕು ಎಂದರು.

ಮರುಳಪ್ಪ ಅವರ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ. "ಸ್ವಾಮಿ, ಆ ಕೆಲಸ ನಂಗೇ ಬೇಕು."

ಸದಾಶಿವಯ್ಯನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದನ್ನೇ ಮೈಕಿನಲ್ಲಿ ಹೇಳಿ ಸಭೆಯನ್ನೂ ನಗಿಸಿದರು. ಇಷ್ಟು ತಮಾಷೆಯ ವಿಜ್ಞಾನಿಯನ್ನು ತಾವು ಕಂಡಿಲ್ಲ ಎಂದರು. ಹೆಂಗಸರ ಸಾಲಿನಲ್ಲಿ ಗಿರಿಜಾಂಬಿಕಾ ಒಬ್ಬಳೇ ನಗದೆ, ಮಗಳನ್ನು ಎಳೆದುಕೊಂಡು ಮನೆಯ ಕಡೆ ನಡೆದಳು.

ಮರುಳಪ್ಪ ಅವಳ ಹಿಂದೆ ಓಡುವಷ್ಟರಲ್ಲಿ ಹುಚ್ಚಣ್ಣ ಹೆಗಲ ಮೇಲೆ ಕೈ ಹಾಕಿ ಶಾಲೆಯ ಗೋಡೆಯ ಮರೆಗೆ ಕರೆದೊಯ್ದ. ಸುತ್ತ ನೋಡಿ ದನಿ ತಗ್ಗಿಸಿದ.

"ನಾಳೆ ನಮ್ಮ ಅಳಿಯಾನೂ ಬತ್ತಾನೆ ಕಣಪ್ಪ. ಅವನೂ ಬಿಎಸ್ಸಿ, ಬಿಎಡ್ಡೇ. ನಿನ್ನಂಗೆ ದೊಡ್ಡೋನಲ್ಲ ಬುಡು, ಸಾಧನೆ ಗೀಧನೆ ಏನೂ ಇಲ್ಲ. ಮೇಷ್ಟ್ರು ಕೆಲಸಕ್ಕೆ ಅಂಥೋನೇ ಸರಿ ಅಲ್ವಾ?"