ಬಸ್ಸಿನಲ್ಲಿ ಬಂದ ಮುದ್ದೆಯ ಅಳತೆ

ನಮ್ಮ ಸೋದರಮಾವನಿಗಿದ್ದಷ್ಟು ಮರ್ಯಾದಸ್ಥ ಕಕ್ಷಿದಾರರು ಇಡೀ ತುಮಕೂರು ರಸ್ತೆಯಲ್ಲಿ ಇನ್ನೊಬ್ಬ ವಕೀಲನಿಗೆ ಇರಲಿಲ್ಲ. ಅವರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲು ಬಡಿಯುತ್ತಿರಲಿಲ್ಲ. ಕಾಫಿ ಕೇಳುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡು ಗೋಡೆ ಕೆಂಪು ಮಾಡುತ್ತಿರಲಿಲ್ಲ. ಮಾವ ಎಷ್ಟೇ ತಡವಾಗಿ ಹೋದರೂ ಇದ್ದಲ್ಲೇ ಇದ್ದು ಕಾಯುತ್ತಿದ್ದರು. ಕಾಯದೆ ಏನು ಮಾಡುತ್ತಾರೆ? ಅವರೆಲ್ಲ ಜೈಲಿನಲ್ಲಿದ್ದರು!

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಪ್ಪ ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಅಮ್ಮನ ತವರು ಮಾಕಳಿಯ ಪಕ್ಕ. ಅಮ್ಮನ ಒಬ್ಬನೇ ತಮ್ಮ ಈ ಮಾವ, ಲಾ ಓದುವುದಕ್ಕಾಗಿ ತನ್ನ ಪಾಲಿನ ಹೊಲವನ್ನೆಲ್ಲ ಮಾರಿಕೊಂಡು ನಮ್ಮ ಮನೆಯ ಮುಂದಿನ ಕೋಣೆಗೆ ಬಂದು ಸೇರಿಕೊಂಡಿದ್ದ. ಸುತ್ತ ಕಾರ್ಖಾನೆಗಳು ಏಳುತ್ತಿದ್ದವು, ಜಮೀನಿನ ವ್ಯಾಜ್ಯಗಳು ಅದಕ್ಕಿಂತ ಬೇಗ ಏಳುತ್ತಿದ್ದವು. ಅವನ ಜೊತೆಯ ವಕೀಲರು ಆ ವ್ಯಾಜ್ಯ ಹಿಡಿದು ಸ್ಕೂಟರ್ ಕಂಡರು, ಸೈಟು ಕಂಡರು. ಮಾವ ಜೈಲು ಕಂಡ.

ಯಾವ ಜೈಲು ಎಂದು ಕೇಳಬೇಡಿ. ಅಲ್ಲಿದ್ದ ಅಧಿಕಾರಿಗಳೂ ಈಗ ನಮ್ಮ ಹಾಗೆಯೇ ಮಂಡಿನೋವು ಅಂತ ಕೂತಿರುತ್ತಾರೆ, ಪಾಪ.

ಅವನಿಗೊಂದು ಸಂಬಂಧ ಬಂದಿತ್ತು. ಹೆಣ್ಣಿನ ತಂದೆ ಲೋಕ ಕಂಡವರು, ಉಪ್ಪಿಟ್ಟು ಮುಗಿಸಿ ಕೈ ಒರೆಸಿಕೊಂಡು ಕೇಳಿದರು: "ಕಕ್ಷಿದಾರರೆಲ್ಲ ಎಂಥಾ ಜನ?"

"ಒಳ್ಳೆ ಜನ ಸಾರ್," ಅಂದ ಮಾವ. "ಸಂಜೆ ಆರರ ಮೇಲೆ ಒಬ್ಬರೂ ಹೊರಗೆ ಕಾಲಿಡಲ್ಲ."

ಆ ಹಿರಿಯರು ಸಂತೋಷಪಟ್ಟು ಎದ್ದು ಹೋದರು. ನಿಜ ತಿಳಿದ ಮೇಲೆ ಅವರೂ ನಮ್ಮ ಮನೆಯ ಕಡೆ ಕಾಲಿಡಲಿಲ್ಲ.

ಮಾವನ ಕಕ್ಷಿದಾರರಲ್ಲಿ ಚಿಕ್ಕಣ್ಣ ಎಂಬ ಒಬ್ಬನಿದ್ದ. ಯಾವುದೋ ಶೆಡ್ಡಿನಲ್ಲಿ ಕಸ ಗುಡಿಸುತ್ತಿದ್ದವನು. ಅಲ್ಲಿ ತಾಮ್ರದ ತಂತಿಯ ಸುರುಳಿಯೊಂದು ಕಾಣೆಯಾಯಿತು. ಮ್ಯಾನೇಜರಿನಿಂದ ಹಿಡಿದು ಎಲ್ಲರನ್ನೂ ಬಿಟ್ಟು ಪೊರಕೆ ಹಿಡಿದವನೇ ಕಳ್ಳ ಎಂದಾಯಿತು. ಕೋರ್ಟು ಅವನಿಗೆ ಜಾಮೀನು ಕೊಟ್ಟು ಹನ್ನೊಂದು ತಿಂಗಳಾಗಿದ್ದರೂ ಅವನು ಒಳಗೇ ಇದ್ದ. ಯಾಕೆ? ಜಾಮೀನು ಸಿಕ್ಕಿತ್ತು, ಜಾಮೀನುದಾರ ಸಿಕ್ಕಿರಲಿಲ್ಲ! ಸ್ವಂತ ಜಮೀನಿರುವ ಯಾರಾದರೂ ಪಹಣಿ ತಂದು, ಇವನು ಓಡಿಹೋದರೆ ನನ್ನ ಜಮೀನು ಹಿಡಿದುಕೊಳ್ಳಿ ಎಂದು ರುಜು ಹಾಕಬೇಕಿತ್ತು. ಹೊಲ ಯಾರದು ಎಂದು ಹೇಳುವ ಆ ಒಂದು ಹಾಳೆ ಇಲ್ಲದೆ ಚಿಕ್ಕಣ್ಣ ಕಂಬಿ ಎಣಿಸುತ್ತಿದ್ದ.

ಹಾಗಾಗಿ ನಮ್ಮ ಮಾವ ಪಹಣಿಗೆ ಹೊರಟ. ಮದುವೆ, ತಿಥಿ, ನಾಮಕರಣ ಯಾವುದನ್ನೂ ಬಿಡಲಿಲ್ಲ. ಬೇರೆಯವರು "ಚೆನ್ನಾಗಿದ್ದೀರಾ?" ಎಂದು ಕೇಳುವ ಜಾಗದಲ್ಲಿ ಇವನು "ಪಹಣಿ ನಿಮ್ಮ ಹೆಸರಲ್ಲೇ ಇದೆಯಾ?" ಎಂದು ಕೇಳುತ್ತಿದ್ದ. ಅದೂ ಕರಿಕೋಟು ಹಾಕಿಕೊಂಡು! ಆಗ ಆ ಕಡೆಯ ಹೊಲಗಳೆಲ್ಲ ಕೈಗಾರಿಕೆಗೆ ಹೋಗುತ್ತಿದ್ದ ಕಾಲ. ಕೋಟು ಹಾಕಿದವನು ಪಹಣಿ ಕೇಳಿದನೆಂದರೆ ಜನ ಏನೆಂದುಕೊಳ್ಳಬೇಕು? ಸರ್ಕಾರ ಜಮೀನು ಹಿಡಿಯಲು ಬಂತು ಅಂತಲೇ! ಮಾಕಳಿಯ ಒಂದು ಮದುವೆಯಲ್ಲಿ ಅಣ್ಣತಮ್ಮಂದಿರಿಬ್ಬರು ಅವನಿಗೆ ಸಿಕ್ಕರು.

"ಜಮೀನು ನಂದಲ್ಲ ಸಾಮಿ, ನಮ್ಮಣ್ಣಂದು," ಅಂದ ತಮ್ಮ.

"ಅಯ್ಯೋ, ನಂದೆಲ್ಲಿ ಬಂತು? ಎಲ್ಲಾ ಅವುಂದೇಯ," ಅಂದ ಅಣ್ಣ.

ಇದೇ ಜಮೀನಿಗಾಗಿ ಅವರಿಬ್ಬರೂ ಏಳು ವರ್ಷದಿಂದ ಕೋರ್ಟಿನಲ್ಲಿ ಹೊಡೆದಾಡುತ್ತಿದ್ದರು. ಮಾವನ ವಕೀಲಿಕೆಯಲ್ಲಿ ರಾಜಿಯಾದ ಮೊದಲ ವ್ಯಾಜ್ಯ ಅದು. ಪಹಣಿ ಮಾತ್ರ ಸಿಗಲಿಲ್ಲ.

ಒಂದು ದಿನ ಜೈಲಿಗೆ ಹೋದಾಗ ಚಿಕ್ಕಣ್ಣ, ಇಲ್ಲಿ ಕೊಡುವ ಮುದ್ದೆ ಸಾಲುವುದಿಲ್ಲ, ಇನ್ನೊಂದು ಕೇಳಿದರೆ ಬಯ್ಯುತ್ತಾರೆ ಎಂದ. ಎಷ್ಟು ದಪ್ಪ ಇರುತ್ತದೆ ಎಂದು ಕೇಳಿದ್ದಕ್ಕೆ ಎರಡೂ ಕೈ ಜೋಡಿಸಿ, "ಇಷ್ಟು" ಎಂದು ತೋರಿಸಿದ. ಬೇರೆ ವಕೀಲನಾಗಿದ್ದರೆ ಬರೆದುಕೊಳ್ಳುತ್ತಿದ್ದ. ನಮ್ಮ ಮಾವ ತನ್ನ ಎರಡೂ ಕೈಯನ್ನು ಅವನ ಕೈಯಳತೆಗೆ ಸರಿಯಾಗಿ ಹಿಡಿದುಕೊಂಡ. ಹಾಗೇ ಹಿಡಿದುಕೊಂಡು ಹೊರಟ. ಜೈಲಿನಿಂದ ನಮ್ಮ ಮನೆಗೆ ಎರಡು ಬಸ್ಸು!

"ಟಿಕೆಟ್, ಟಿಕೆಟ್," ಅಂತ ಕಂಡಕ್ಟರ್ ಬಂದ.

"ದುಡ್ಡು ಮೇಲಿನ ಜೇಬಲ್ಲಿದೆ ಗುರು, ನೀನೇ ತಗೊಂಬಿಡು. ನಾನು ಕೈ ತೆಗೆಯೋ ಹಾಗಿಲ್ಲ."

"ಯಾಕ್ ಸಾರ್? ಏನಾಗಿದೆ ಕೈಗೆ?"

"ಕೈಗೇನೂ ಆಗಿಲ್ಲ. ಮುದ್ದೆ ಇದೆ."

ಕಂಡಕ್ಟರ್ ಆ ಖಾಲಿ ಕೈಗಳನ್ನು ಮೇಲೂ ಕೆಳಗೂ ನೋಡಿ, ದುಡ್ಡು ತೆಗೆದುಕೊಂಡು, ಚಿಲ್ಲರೆಯನ್ನು ಮರ್ಯಾದೆಯಿಂದ ವಾಪಸ್ಸು ಜೇಬಿಗಿಟ್ಟು ದೂರ ಹೋದನಂತೆ. ಎರಡನೇ ಬಸ್ಸಿನಲ್ಲಿ ಅಜ್ಜಿಯೊಬ್ಬರು ಯಾವುದೋ ದೇವಸ್ಥಾನದ ಪ್ರಸಾದ ಎಂದುಕೊಂಡು ಸೆರಗೊಡ್ಡಿ ನಿಂತರಂತೆ. ಪ್ರತಿ ಬ್ರೇಕಿಗೂ ಮಾವ ಯಾರದ್ದಾದರೂ ಮೇಲೆ ಬಿದ್ದ, ಕೈ ಮಾತ್ರ ಬಿಡಲಿಲ್ಲ.

ಬಾಗಿಲನ್ನು ಕಾಲಲ್ಲಿ ದೂಡಿಕೊಂಡು ಒಳಗೆ ಬಂದವನನ್ನು ನೋಡಿ ಅಮ್ಮ ಕಿರುಚಿದಳು: "ಅಯ್ಯೋ, ಕೈ ಮಿಷಿನ್‌ಗೆ ಸಿಕ್ತೇನೋ?" ನಮ್ಮ ಏರಿಯಾದಲ್ಲಿ ಕೈ ಮುಂದೆ ಹಿಡಿದು ಬಂದವರನ್ನು ಎಲ್ಲರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಅದು.

"ಬೇಗ ಮುದ್ದೆ ಕಟ್ಟಕ್ಕಾ! ಅಳತೆ ಜಾರ್ತಾ ಇದೆ!"

ಒಲೆಯ ಮೇಲೆ ಹೇಗೂ ಮುದ್ದೆ ಬೇಯುತ್ತಿತ್ತು. ಅಮ್ಮ ಒಂದು ಕಟ್ಟಿ ಅವನ ಕೈಯೊಳಗೆ ಇಡಲು ಹೋದಳು. ಹಿಡಿಯಲಿಲ್ಲ. "ಇನ್ನೂ ಚಿಕ್ಕದು," ಅಂದ. ಅಮ್ಮ ಒಂದಿಷ್ಟು ಚಿವುಟಿ ತೆಗೆದಳು. "ಇನ್ನೂ." ಮತ್ತೆ ಚಿವುಟಿದಳು. "ಇನ್ನೂ ಸ್ವಲ್ಪ." ಅಮ್ಮನ ಕೈ ನಿಂತಿತು.

"ಏನೋ ಇದು? ಮಗೀಗ್ ಕಟ್ಟೋ ಮುದ್ದೆ ಇದು."

"ಅಷ್ಟೇ ಕೊಡೋದು ಅಕ್ಕ."

ಅಮ್ಮ ಚಿವುಟಿ ತೆಗೆದಿದ್ದನ್ನೆಲ್ಲ ಸೇರಿಸಿ ಇನ್ನೊಂದು ಮುದ್ದೆ ಕಟ್ಟಿ ಪಕ್ಕದಲ್ಲಿಟ್ಟಳು. ಹೆಚ್ಚುಕಮ್ಮಿ ಅದೂ ಅಷ್ಟೇ ಆಯಿತು.

ಮಾವ ಮೂಲೆಯಂಗಡಿಯ ಶೆಟ್ಟರ ತಕ್ಕಡಿಯನ್ನು ಕಾಡಿ ಬೇಡಿ ತಂದು ತೂಗಿ, ಕೋರ್ಟಿಗೆ ಅರ್ಜಿ ಹಾಕಿದ. ಜೈಲಿನ ಕಡೆಯವರು ಸುಮ್ಮನಿರುತ್ತಾರೆಯೇ? ಅವರದೂ ಒಂದು ತರ್ಕವಿತ್ತು: ಒಲೆಯಿಂದಿಳಿಸಿದಾಗ ಮುದ್ದೆ ನಿಯಮದ ಪ್ರಕಾರವೇ ಇರುತ್ತದೆ, ಬಡಿಸುವಷ್ಟರಲ್ಲಿ ಒಣಗಿ ಹಗುರಾಗುತ್ತದೆ. ಇದನ್ನು ಕೇಳಿ ಮಾವನಿಗೆ ಮೈಯೆಲ್ಲ ಉರಿಯಿತು. ನಿಯಮದ ತೂಕದ ಮುದ್ದೆಯೊಂದನ್ನು ಅಮ್ಮನಿಂದ ಕಟ್ಟಿಸಿ, ವಿಚಾರಣೆಗೆ ಮೂರು ದಿನ ಮುಂಚೆ ಅಡುಗೆಮನೆಯ ಗೂಡಿನಲ್ಲಿಟ್ಟ. ಪಕ್ಕದಲ್ಲಿ ಒಂದು ಚೀಟಿ: "ಮುಟ್ಟಬಾರದು. ಕೋರ್ಟಿನ ಸಾಕ್ಷಿ." ದಿನಾ ಬೆಳಿಗ್ಗೆ ತೂಗಿ ಬರೆದುಕೊಂಡ. ಮೂರು ದಿನವಾದರೂ ಅದು ಒಣಗಿ ಅರ್ಧವಾಗಲಿಲ್ಲ, ಅರ್ಧದ ಹತ್ತಿರಕ್ಕೂ ಬರಲಿಲ್ಲ. ಕೇಸು ಗೆದ್ದಂತೆಯೇ ಎಂದು ಕುಣಿದಾಡಿದ.

ವಿಚಾರಣೆಯ ದಿನ ಸಾಕ್ಷಿಯನ್ನು ಊಟದ ಕ್ಯಾರಿಯರಿನಲ್ಲಿ ಹಿಡಿದುಕೊಂಡು ಹೋಗುವ ಜವಾಬ್ದಾರಿ ನನ್ನದು. ನಾನಾಗ ಪಿಯುಸಿ. ಕಾಲೇಜಿಗೆ ಚಕ್ಕರ್ ಹೊಡೆಯಲು ಇದಕ್ಕಿಂತ ಘನವಾದ ಕಾರಣ ಇನ್ನೇನು ಬೇಕಿತ್ತು? ಕ್ಯಾರಿಯರ್ ಬಿಸಿ ಬಿಸಿಯಾಗಿತ್ತು. ಬಿಸಿಲಿಗಿರಬೇಕು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು!

"ಮಹಾಸ್ವಾಮಿ, ಇದು ಮೂರು ದಿನದ ಹಿಂದಿನ ಮುದ್ದೆ," ಎಂದು ಮಾವ ಗಂಭೀರವಾಗಿ ಮುಚ್ಚಳ ತೆಗೆದ.

ಹಬೆ ಎದ್ದಿತು. ಜಡ್ಜ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು ನೋಡಿದರು. "ಏನ್ರೀ ವಕೀಲರೇ, ಮೂರು ದಿನದ ಮುದ್ದೆ ಹೊಗೆಯಾಡ್ತಾ ಇದೆಯಲ್ರೀ! ಕೆಳಗಿನ ಡಬ್ಬದಲ್ಲೇನಿದೆ?"

ಕೆಳಗಿನ ಡಬ್ಬದಲ್ಲಿ ಬಸ್ಸಾರು ಇತ್ತು. ಅದರ ಕೆಳಗಿನದರಲ್ಲಿ ಸೊಪ್ಪಿನ ಪಲ್ಯ, ಮೂಲೆಯಲ್ಲಿ ಒಂದು ಈರುಳ್ಳಿ.

ಇಡೀ ಕೋರ್ಟು ನಕ್ಕಿತು. ಮಾವನ ಮುಖ ನೋಡಲಾಗುತ್ತಿರಲಿಲ್ಲ. ಆದರೆ ಜಡ್ಜ್ ಸಾಹೇಬರು ನಗು ಮುಗಿಸಿ ಜೈಲಿನ ಕಡೆಯವರಿಗೆ ಹೇಳಿದರು: "ಇಲ್ಲಿ ತೂಗೋದು ಬೇಡ. ಊಟದ ಹೊತ್ತಿಗೆ ನಾನೇ ಬಂದು ನೋಡ್ತೀನಿ." ನಿಜಕ್ಕೂ ಹೇಳದೆ ಕೇಳದೆ ಹೋಗಿ ನೋಡಿದರು. ಆಮೇಲೆ ಜೈಲಿನ ಅಡುಗೆಮನೆಯಲ್ಲಿ ತಕ್ಕಡಿಯೊಂದು ನೇತಾಡಿತು, ಮುದ್ದೆ ದಪ್ಪವಾಯಿತು. ಅಂದಹಾಗೆ, ಮಧ್ಯಾಹ್ನದ ಹೊತ್ತಿಗೆ ನಮ್ಮ ಕ್ಯಾರಿಯರ್ ಖಾಲಿಯಾಗಿ ವಾಪಸ್ಸು ಬಂದಿತ್ತು. ಯಾರು ಉಂಡರು ಎಂಬುದು ಕೋರ್ಟಿನ ದಾಖಲೆಯಲ್ಲಿಲ್ಲ.

ಮನೆಯಲ್ಲಿ ಅಮ್ಮನ ವಿಚಾರಣೆ ನಡೆಯಿತು.

"ನಾಲ್ಕು ಜನದ್ ಮುಂದೆ ಹಳಸಿದ್ ಮುದ್ದೆ ತೆಗುದ್ರೆ, ಈ ಮನೆ ಎಂಗಸು ಇಂಗೇ ಇಕ್ಕೋದು ಅಂತಾರಲ್ವೇನೋ? ಬರೀ ಮುದ್ದೆ ಎಂಗೋ ಕಳಿಸ್ಲಿ, ಸಾರಿಲ್ದೆ?"

"ಹಳೇ ಮುದ್ದೆ ಎಲ್ಲಕ್ಕಾ?"

"ಎಮ್ಮೆಗೆ ಆಕ್ದೆ. ಮೂಸಿ ನೋಡಿ ಬಿಟ್ಬುಡ್ತು."

"ಆ ಎಮ್ಮೇನಾದ್ರೂ ಸಾಕ್ಷಿಗೆ ಕರೀಬೋದಿತ್ತು ಕಣಯ್ಯಾ," ಎಂದು ಅಪ್ಪ ಪೇಪರಿನ ಹಿಂದಿನಿಂದ ಹೇಳಿದರು.

ಇಷ್ಟೆಲ್ಲ ಆದ ಮೇಲೆ ಮಾವ ಬೀಗಬೇಕಿತ್ತು. ಒಂದು ವಾರದ ನಂತರ ಜೈಲಿಗೆ ಹೋಗಿ ಬಂದವನು ಬೂಟೂ ಬಿಚ್ಚದೆ ಬಾಗಿಲಲ್ಲೇ ಕೂತುಬಿಟ್ಟ. ಅವನು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಏನಾಯ್ತೋ?" ಅಂದಳು ಅಮ್ಮ.

"ಚಿಕ್ಕಣ್ಣ ಕೈಮುಗಿದ ಅಕ್ಕ. 'ಮುದ್ದೆ ಸರಿಯೋಯ್ತು ಸಾರ್, ನಾನ್ ಯಾವಾಗ ಮನೇಗ್ ಓಗದು?' ಅಂದ. ಬಿಡ್ರಿ ಅಂತ ಕೋರ್ಟೇ ಹೇಳಿದೆ. ಒಂದ್ ಪಹಣಿ ಸಿಗ್ತಾ ಇಲ್ಲ. ಇದ್ದ ಹೊಲ ಮಾರಿ ಲಾ ಓದ್ದೆ ನಾನು. ಅವನ ಪಾಲಿಗೆ ಏನಾಯ್ತು ಹೇಳು, ಈ ಲಾ?"

ಅಮ್ಮ ಒಳಗೆ ಹೋದಳು. ಟ್ರಂಕಿನ ಸದ್ದಾಯಿತು. ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ತಾತ ಅವಳ ಹೆಸರಿಗೆ ಅರ್ಧ ಎಕರೆ ಬರೆದುಕೊಟ್ಟಿದ್ದರು. ಊರೆಲ್ಲ ಪಹಣಿ ಪಹಣಿ ಎಂದು ಅಲೆದ ಮಾವನಿಗೆ, ಒಲೆಯ ಮುಂದೆ ಕೂತಿದ್ದ ಅಕ್ಕನ ಹತ್ತಿರ ಒಂದಿದೆ ಎಂಬುದೇ ಹೊಳೆದಿರಲಿಲ್ಲ! ಹೆಂಗಸರ ಹೆಸರಿನಲ್ಲೂ ಪಹಣಿ ಇರಬಹುದೆಂದು ಅಷ್ಟೊಂದು ಕಾನೂನು ಓದಿದವನಿಗೂ ನೆನಪಾಗಲಿಲ್ಲ ನೋಡಿ.

ಅಪ್ಪ ಪೇಪರ್ ಕೆಳಗಿಟ್ಟರು. "ನೋಡು, ನಿಂಗಿರೋದು ಅದೊಂದೇ. ಅವನು ಓಡ್ಹೋದ್ರೆ?"

"ಎಲ್ಲಿಗ್ ಓಡ್ತಾನೆ? ಆ ಮಗೀನ್ ಮುದ್ದೆ ಉಂಡ್ಕಂಡು ವರ್ಸ ಕಳ್ದವ್ನೆ. ಓಡಕ್ಕೆ ಕಾಲಲ್ಲಿ ತ್ರಾಣ ಎಲ್ಲೈತೆ?"

ಕೋರ್ಟಿಗೆ ಈ ಸಲವೂ ನಾನು ಹೋದೆ, ಅಮ್ಮನ ಜೊತೆ. ಅಮ್ಮ ಮದುವೆಯ ಸೀರೆ ಉಟ್ಟಿದ್ದಳು. ಪಹಣಿಯ ಹಾಳೆಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಅದೇ ಜಡ್ಜ್ ಸಾಹೇಬರು.

"ಆರೋಪಿ ನಿಮಗೆ ಗೊತ್ತೇನಮ್ಮ?"

"ಮಕ ನೋಡಿಲ್ಲ ಸಾಮಿ," ಅಂದಳು ಅಮ್ಮ. ಮಾವ ತಲೆಯ ಮೇಲೆ ಕೈ ಹೊತ್ತುಕೊಂಡ. "ಆದ್ರೆ ಎಷ್ಟು ಉಣ್ತಿದ್ದ ಅಂತ ಗೊತ್ತು. ನಾನೇ ಕಟ್ಟಿ ನೋಡಿವ್ನಿ."

ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟರು. "ಆವತ್ತು ಬಸ್ಸಾರು ಕಳಿಸಿದ್ದು ನೀವೇನಾ?"

"ಊಂ ಸಾಮಿ. ಉಪ್ಪು ಸರಿಯಾಗಿತ್ತಾ?"

ಅವರು ತಲೆ ಬಗ್ಗಿಸಿ ರುಜು ಹಾಕಿದರು.

ಚಿಕ್ಕಣ್ಣ ಬಿಡುಗಡೆಯಾದ ದಿನ ಮಾವ ಅವನನ್ನು ನೇರವಾಗಿ ನಮ್ಮ ಮನೆಗೆ ಕರೆದುಕೊಂಡು ಬಂದ. ಬಾಗಿಲವರೆಗೆ ನಡೆದುಬಂದ ಮಾವನ ಮೊದಲ ಕಕ್ಷಿದಾರ! ಎಲುಬಿನ ಗೂಡಿನಂಥ ಮನುಷ್ಯ. ಅಮ್ಮ ತಟ್ಟೆ ಹಾಕಿ, ನಮ್ಮ ಮನೆಯ ಅಳತೆಯ ಮುದ್ದೆ ಇಟ್ಟು ಸಾರು ಬಿಟ್ಟಳು. ಅವನು ತಲೆಯೆತ್ತದೆ ಉಂಡ. ಉಂಡು ಮುಗಿಸಿದವನು ತಟ್ಟೆ ಹಿಡಿದು ಎದ್ದು ನಿಂತ. ಗೋಡೆಗೆ ಬೆನ್ನು ಹಚ್ಚಿ, ಸಾಲಿನಲ್ಲಿ ನಿಂತವನ ಹಾಗೆ ತಲೆ ತಗ್ಗಿಸಿ ಕೇಳಿದ:

"ಅಕ್ಕಾ, ಇನ್ನೊಂದ್ ಕೇಳ್ಬೋದಾ?"

ಅಮ್ಮ ಅವನ ಕೈಯಿಂದ ತಟ್ಟೆ ತೆಗೆದುಕೊಂಡು ನೆಲದ ಮೇಲಿಟ್ಟು, "ಕೂತ್ಕೊಳಪ್ಪ. ಈ ಮನೇಲಿ ತಕ್ಕಡಿ ಇಲ್ಲ," ಅಂದಳು.

ಅಷ್ಟು ಹೊತ್ತು ಪಕ್ಕದಲ್ಲಿ ನಿಂತಿದ್ದ ಮಾವ ಮುಖ ತಿರುಗಿಸಿಕೊಂಡು ತಟ್ಟನೆ ಹಿತ್ತಿಲಿಗೆ ಹೋದ. ತೊಟ್ಟಿಯಿಂದ ನೀರು ಮೊಗೆಯುವ ಸದ್ದು ತುಂಬಾ ಹೊತ್ತು ಕೇಳಿಸಿತು. ಊಟವಾಯಿತಲ್ಲ, ಕೈ ತೊಳೆಯುತ್ತಿದ್ದಾನೆ ಎಂದುಕೊಂಡೆ. ಆಮೇಲೆ ನೆನಪಾಯಿತು, ಅವನಿನ್ನೂ ಊಟಕ್ಕೆ ಕೂತೇ ಇರಲಿಲ್ಲ.