ಅರಫಾತಿನ ಬಾಂದುಕಲ್ಲು

ಒಂದು ಬೇವಿನ ಮರದ ನೆರಳಿಗೆ ಆಸೆಪಟ್ಟು, ನಮ್ಮ ಖಾಲಾನ ಇಡೀ ಹಜ್ಜನ್ನೇ ಮುಳುಗಿಸಲು ಹೊರಟ ಮಹಾನುಭಾವ ನಾನು! ಖಾಲಾ ಅಂದರೆ ಅಮ್ಮನ ಅಕ್ಕ, ಅಜ್ಜಂಪುರದವರು. ಬಾಂದುಕಲ್ಲು ನೋಡದೆ ಯಾವ ಜಾಗವನ್ನೂ ನಂಬದ ಹೆಂಗಸು!

ಪ್ರತಿ ಶುಕ್ರವಾರ ತೆಂಗಿನ ತೋಟ ಸುತ್ತಿ, ಮೂಲೆಯ ಗಡಿಕಲ್ಲುಗಳು ಎದ್ದು ನಡೆದುಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾರೆ. ಅಜ್ಜಂಪುರ ಬೇರೆ ತಾಲ್ಲೂಕಾದಾಗ ಬಸ್ ಕಂಡಕ್ಟರಿಗೆ, "ತರೀಕೆರೆ ಮುಗಿಯೋ ಕಡೆ ಒಸಿ ನಿಲ್ಸಪ್ಪಾ, ನೋಡ್ಬೇಕು" ಅಂದರು. ನಾನು ಪಕ್ಕದ ಸೀಟಿನಲ್ಲಿ ಗುರುತಿಲ್ಲದವನಂತೆ ನಿದ್ದೆ ನಟಿಸಿದೆ.

ಇಂಥವರ ಜೊತೆ ಹಜ್ಜಿಗೆ ಹೊರಟೆ. ಕಡೂರಿನ ತರಬೇತಿಯಲ್ಲಿ ಮೌಲ್ವಿಗಳು ಹೇಳಿದರು: ಸೈತಾನನಿಗೆ ಕಲ್ಲೆಸೆಯುವುದು ತಪ್ಪಿದರೆ ಅಲ್ಲೇ ಒಂದು ಕುರಿ ಕುರ್ಬಾನಿ ಕೊಟ್ಟು ಸರಿಪಡಿಸಿಕೊಳ್ಳಬಹುದು. ಗೊತ್ತಾದ ದಿನ ಮಕ್ಕಾ ಹತ್ತಿರದ ಅರಫಾತಿನ ಬಯಲಲ್ಲಿ ನಿಲ್ಲುವುದು ತಪ್ಪಿತೋ, ಕುರಿಮಂದೆ ಕೊಟ್ಟರೂ ಹಜ್ ಆಗದು. ಇನ್ನೊಂದು ವರ್ಷ ಮತ್ತೆ ಬರಬೇಕು. ಎಲ್ಲರೂ ತಲೆಯಾಡಿಸಿದರು. ಖಾಲಾ ಕೈಯೆತ್ತಿದರು.

"ಆ ಬಯಲಿನ ಚಕ್ಕುಬಂದಿ ಹೇಳಿ ಹಜ್ರತ್. ಮೂಡಣಕ್ಕೇನು, ಪಡುವಣಕ್ಕೇನು?"

ಮೌಲ್ವಿಗಳು ನೀರು ಕುಡಿದರು.

ಆ ದಿನ ಬಂತು. ನಮ್ಮ ಬಸ್ಸು ಸಂದಣಿಯಲ್ಲಿ ಸಿಕ್ಕಿಕೊಂಡಿದ್ದರಿಂದ ನಡೆದೇ ಹೊರಟೆವು. ಹಜ್ಜಿಗೆ ಉಡುವ ಎರಡು ಬಿಳಿ ಬಟ್ಟೆಯೊಳಗೆ ನಾನು ಹಬೆಯಾಡುವ ಇಡ್ಲಿ! ಅಷ್ಟರಲ್ಲಿ ಕಂಡಿತು ಬೇವಿನ ಮರ. "ಬಂದ್ವಿ ಖಾಲಾ, ಕೂತ್ಕೊಳಿ!" ಎಂದು ಘೋಷಿಸಿದವನೇ ಉರುಳಿಕೊಂಡೆ. ಇಬ್ಬರಿಗೂ ನಿದ್ದೆ.

ಇಳಿಹೊತ್ತಿಗೆ ಖಾಲಾನ ಊರುಗೋಲು ಪಕ್ಕೆಗೆ ತಿವಿಯಿತು. ಎದ್ದರೆ ನನ್ನ ಮುಖ ಸುಟ್ಟ ಬದನೆಕಾಯಿ!

"ಲೇ, ಬಾಂದು ನೋಡ್ದೇನೋ?"

"ಇಷ್ಟೊಂದ್ ಜನ ಕೂತವ್ರೆ, ಇದೇ ಇರ್ಬೇಕು ಬಿಡಿ."

"ಜನ ಕೂತ್ರೆ ಖಾತೆ ಆಗೋಯ್ತದೇನೋ? ಆ ಹಳದಿ ಬೋರ್ಡ್ ಓದು!"

ಓದಿದೆ. 'ಅರಫಾತ್ ಇಲ್ಲಿಂದ ಆರಂಭ.' ಬೋರ್ಡು ನಮ್ಮಿಂದ ಇನ್ನೂ ಮುಂದಿತ್ತು!

ಹೊತ್ತು ಮುಳುಗಿದ ಮೇಲೆ ಜನರ ಜೊತೆ ಹಾಗೇ ಹೊರಟುಬಿಟ್ಟಿದ್ದರೆ? ಮೊಣಕಾಲು ಕೈಕೊಟ್ಟ ಖಾಲಾಗೆ ಇನ್ನೊಂದು ವರ್ಷ ಎಲ್ಲಿತ್ತು? ಒಂದು ಕೈಯಲ್ಲಿ ಸೊಂಟದ ಬಟ್ಟೆ, ಇನ್ನೊಂದರಲ್ಲಿ ಖಾಲಾನ ಕೈ ಹಿಡಿದು ಓಡಿದೆ. ಸುಳ್ಳೇಕೆ, ಅವರೇ ನನ್ನನ್ನು ಎಳೆದುಕೊಂಡು ಓಡಿದರು! ಗಡಿ ದಾಟಿದಾಗ ಸೂರ್ಯ ಇನ್ನೂ ಮೇಲಿದ್ದ. ಖಾಲಾ ಬೋರ್ಡಿನ ಕಂಬ ಮುಟ್ಟಿ ನೋಡಿ, ನಾಲ್ಕು ಹೆಜ್ಜೆ ಒಳಗೆ ಹೋಗಿ ಎರಡೂ ಕೈ ಎತ್ತಿ ಹೊತ್ತು ಮುಳುಗುವವರೆಗೂ ಬೇಡುತ್ತಾ ನಿಂತರು.

ಊರಿಗೆ ಮರಳಿ ಬೀರೂರಿನಲ್ಲಿ ರೈಲಿಳಿದಾಗ ಕೇಳಿದೆ: "ಅವತ್ತು ಅಷ್ಟ್ ಹೊತ್ತು ಕೈಯೆತ್ತಿ ನನ್ ಮೇಲೆ ದೂರು ಹೇಳಿದ್ರಾ?"

"ದೂರೇ ಹೇಳಾಣ ಅಂತಿದ್ದೆ ಕಣೋ. ಆದ್ರೆ ಎದ್ದಾಗ ನೋಡ್ದೆ, ನೆರಳೆಲ್ಲ ನನ್ ಮೇಲಿತ್ತು, ನೀನು ಬಿಸ್ಲಲ್ಲಿ ಬಿದ್ದಿದ್ದೆ. ಈ ಹುಡುಗ ಕೊಟ್ಟ ನೆರಳ್ನೂ ಹಜ್ಜಿಗೆ ಸೇರಿಸ್ಕೊಳಪ್ಪಾ ಅಂದೆ, ಅಲ್ಲಾಗೆ."